ನಲವತ್ತೊಂದು ದಿನದ ನೀರು

ಬಾವಿಯ ಮೆಟ್ಟಿಲಿಗೆ ಅಡ್ಡಗೋಡೆ ಕಟ್ಟಿದಾಗ ಕೊನೆಯ ಕಲ್ಲು ಇಟ್ಟವಳು ದ್ರೌಪತಿ. ಅದು ೧೯೮೩ರ ಜುಲೈ. ಘಾಟಬೋರಾಳದ ಆಚೆಯ ಆ ಊರಿನ ಕೆಳಗೇರಿಗೆ ಇದ್ದದ್ದು ಅದೊಂದೇ ಬಾವಿ. ಕೇರಿಗೆ ನಾರುಹುಣ್ಣು ಬರುತ್ತಿದ್ದದ್ದೂ ಅದರಿಂದಲೇ. ಹುಣ್ಣಾದವರು ಇಳಿದು ನೀರಲ್ಲಿ ಕಾಲಿಟ್ಟರೆ ಹುಳ ಮರಿ ಬಿಡುತ್ತದೆ. ಆ ನೀರು ಕುಡಿದವರ ಮೈಯಿಂದ ಒಂದು ವರ್ಷದ ಮೇಲೆ ಬಿಳಿ ದಾರದಂಥ ಹುಳ ಚರ್ಮ ಒಡೆದು ಹೊರಬರುತ್ತದೆ. ಹುಮನಾಬಾದಿನ ಸೇವಾ ಸಂಘದ ದೇವಿದಾಸ ಇದನ್ನೆಲ್ಲ ಚಿತ್ರ ತೋರಿಸಿ ಹೇಳಿದ್ದ.

ಒಪ್ಪಂದ ಚಾವಡಿಯಲ್ಲಿ ಆಯಿತು. ಸಂಘ ಬೋರು ಹಾಕಿಸಿ ಕೈಪಂಪು ಕೊಡಬೇಕು, ಪಂಚಾಯ್ತಿ ಜಾಗ ಕೊಡಬೇಕು, ಕೇರಿಯವರು ಶ್ರಮದಾನ ಮಾಡಿ ಬಾವಿ ಮುಚ್ಚಬೇಕು. ಕೇರಿಯ ಪರವಾಗಿ ಹೆಬ್ಬೆಟ್ಟು ಒತ್ತಿದವಳೂ ದ್ರೌಪತಿಯೇ.

"ಪಂಪ ಕೆಟ್ಟರ ಏನ ಮಾಡ್ತೀ?" ಎಂದಿದ್ದಳು ನೆರೆಮನೆಯ ಮುದುಕಿ ಸುಮನಬಾಯಿ. "ನಿನ್ನ ಹೆಬ್ಬಟ್ಟ ಹಿಂಡಿ ನೀರ ಕುಡೀಬೇಕೇನ?"

"ಕೆಟ್ಟರ ನಾ ಇದ್ದೀನಲ್ಲ, ಅತ್ತಿ."

ಪಂಪು ಎಂಟು ತಿಂಗಳು ನಡೆಯಿತು. ಮರುವರ್ಷದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅದರ ಚೈನು ಕಡಿದು ಹಿಡಿಕೆ ಸತ್ತ ಕೈಯ ಹಾಗೆ ಜೋತುಬಿತ್ತು. ದ್ರೌಪತಿ ಪಂಚಾಯ್ತಿ ಅಧ್ಯಕ್ಷ ಮಹಾರುದ್ರಪ್ಪನ ಮನೆಯ ಮುಂದೆ ನಿಂತಳು.

"ಪಂಪ ಸಂಘದವರದು," ಎಂದ ಮಹಾರುದ್ರಪ್ಪ ಕಟ್ಟೆಯ ಮೇಲಿಂದಲೇ. "ಅವರ ಸಾಮಾನಿಗಿ ನಾ ಕೈ ಹಚ್ಚಿದರ ನಾಳೆ ಮ್ಯಾಲಿನವರು ನನಗ ಕೇಳ್ತಾರ. ನೀ ಹುಮನಾಬಾದಿಗಿ ಹೋಗು."

ಅವಳು ಬಸ್ಸು ಹಿಡಿದು ಹೋದಳು. ದೇವಿದಾಸ ಕುರ್ಚಿ ಕೊಟ್ಟ, ನೀರು ಕೊಟ್ಟ. "ಅಕ್ಕಾ, ಹಾಕಿ ಕೊಟ್ಟ ಮ್ಯಾಲ ಪಂಪ ಪಂಚಾಯ್ತಿದು. ನಾವು ಬಿಚ್ಚಿದರ, ನಮ್ಮ ಕೆಲಸದಾಗ ಸಂಘದವರು ಯಾಕ ಅಂತಾರ. ಇವತ್ತೇ ಪತ್ರ ಬರೀತೀನಿ."

"ಪತ್ರ ಕುಡೀಲಿಕ್ಕ ಬರ್ತದೇನ್ರಿ?"

ದೇವಿದಾಸ ನಗಲಿಲ್ಲ. ಒಪ್ಪಂದದ ಪ್ರತಿ ತೆಗೆದು ಏಳನೆಯ ಕಲಮು ಓದಿದ: "ದುರಸ್ತಿಯನ್ನು ಉಭಯತರು ಪರಸ್ಪರ ವಿಚಾರಿಸಿ ನೋಡಿಕೊಳ್ಳತಕ್ಕದ್ದು." ಓದಿ ಮುಗಿಸಿ ಪತ್ರ ಬರೆಯಲು ಕೂತ.

ಅಷ್ಟರಲ್ಲಿ ಕೇರಿಯ ಹೆಂಗಸರು ಮೇಲಿನೋಣಿಯ ಬಾವಿಯ ಬಳಿ ಕೊಡ ಇಟ್ಟು ದೂರ ನಿಲ್ಲುತ್ತಿದ್ದರು. ಅವರು ಹಗ್ಗ ಮುಟ್ಟುವಂತಿರಲಿಲ್ಲ. ಸೇದುವವರು ತಮ್ಮದು ತುಂಬಿಸಿಕೊಂಡು, ಮನಸ್ಸಿದ್ದರೆ ಇವರಿಗೆ ಹೊಯ್ಯಬೇಕು. ಒಂದು ಕೊಡಕ್ಕೆ ಅರ್ಧ ದಿನ ಹೋಗುತ್ತಿತ್ತು. ಹೊಲದ ಕೆಲಸ ತಪ್ಪುತ್ತಿತ್ತು. ಹನ್ನೊಂದನೆಯ ದಿನ ಸುಮನಬಾಯಿ ಹಾರೆ ಹಿಡಿದು ಮುಚ್ಚಿದ ಬಾವಿಗೆ ಬಂದಳು. ಹಿಂದೆ ಇಡೀ ಕೇರಿ ಇತ್ತು. ಗೋಡೆಯ ಮುಂದೆ ದ್ರೌಪತಿ ಅಡ್ಡ ನಿಂತಳು.

"ಇನ್ನ ನಾಕ ದಿನ ತಡೀರಿ. ಚೈನ್ ಬರ್ತದ."

"ನಾಕ ದಿನ ನೀರಿಲ್ಲದ ಬದುಕೂದು ನಿನಗ ಗೊತ್ತಿದ್ದರ ನಮಗೂ ಕಲಿಸು," ಎಂದಳು ಸುಮನಬಾಯಿ. "ಇಲ್ಲಂದರ ಬಾಜೂಕ ಸರೀ."

ದ್ರೌಪತಿ ಸರಿಯಲಿಲ್ಲ. ಒಣಗಿದ ತುಟಿಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ತಿರುಗಿ, ತಾನಿಟ್ಟ ಕಲ್ಲನ್ನು ತಾನೇ ಎಳೆದು ತೆಗೆದಳು. "ಎರಡು ಮಾತು ನಡೆಸ್ರಿ. ನೀರ ಬಟ್ಟಿಲೆ ಸೋಸಿ ಕುಡೀರಿ. ಹುಣ್ಣಾದವರು ಯಾರೂ ಒಳಗ ಇಳೀಬ್ಯಾಡ್ರಿ. ನಾ ಕಾವಲ ಇರ್ತೀನಿ."

ಹೊತ್ತು ಏರುವ ತನಕ ಅವಳು ಮೆಟ್ಟಿಲ ಮೇಲೆ ಕೂತು ಎಲ್ಲರ ಕಾಲು ನೋಡಿ ಬಿಡುತ್ತಿದ್ದಳು. ಆಮೇಲೆ ಕೂಲಿಗೆ ಹೋಗಲೇಬೇಕಿತ್ತು. ಗೋಡೆ ಕಟ್ಟುವುದಕ್ಕೆ ಮೊದಲು ಕುಡಿದ ನೀರಿನ ಹುಳ ಕೇರಿಯಲ್ಲಿ ಆ ಬೇಸಿಗೆ ಒಬ್ಬರಿಗೆ ಮಾತ್ರ ಎದ್ದಿತ್ತು: ಅವಳ ಗಂಡ ನರಸಿಂಗನಿಗೆ, ಎಡಗಾಲಿನ ಹರಡಿನಲ್ಲಿ. ಒಂದು ಸಂಜೆ ಅವಳು ಮನೆಗೆ ಬಂದಾಗ ಅವನ ಗಾಯದ ಪಟ್ಟಿ ಅಂಗಳದ ಗೋಡೆಯ ಮೇಲೆ ಒಣಗುತ್ತಿತ್ತು.

"ಇದು ಹ್ಯಾಂಗ ತೊಯ್ತು?"

ನರಸಿಂಗ ಮುಖ ಎತ್ತಲಿಲ್ಲ. "ಬೆಂಕಿ ಇಟ್ಟಂಗ ಉರೀತದ. ಎಲ್ಲಾರೂ ಹೊಲಕ್ಕ ಹೋಗಿದ್ದರು. ಒಂದ ಗಳಿಗಿ ಬಾವ್ಯಾಗ ಕಾಲ ಇಟ್ಟಿದ್ದೆ, ಅಷ್ಟ."

ದ್ರೌಪತಿ ಪಟ್ಟಿಯನ್ನು ಒಲೆಗೆ ಹಾಕಿದಳು. ಹೇಳಿದರೆ ಕೇರಿ ಮತ್ತೆ ಮೇಲಿನೋಣಿಗೆ ಹೋಗಿ ನಿಲ್ಲಬೇಕು; ಜನ ನರಸಿಂಗನನ್ನು ಏನು ಮಾಡುತ್ತಾರೋ ಅದೂ ತಿಳಿಯದು. ಮನೆಮನೆಗೆ ಹೋಗಿ ಸೋಸುವ ಬಟ್ಟೆ ನೋಡಿದಳು. ಕೆಲವು ಹರಿದಿದ್ದವು. ಹರಿದದ್ದನ್ನು ಹೊಲಿದು ಕೊಟ್ಟಳು. ನರಸಿಂಗ ಇಳಿದ ಸಂಗತಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಗೋಡೆ ಒಡೆದ ನಲವತ್ತೊಂದನೆಯ ದಿನ ಚೈನು ಬಂತು. ಪತ್ರ ಮೂರು ಮೇಜು ಸುತ್ತಿ, ಕೊನೆಗೆ ಎರಡೂ ಕಡೆಯವರ ಸಹಿ ಬಿದ್ದಿತ್ತು. ಅದನ್ನು ಹಾಕಲು ಹಿಡಿದದ್ದು ಅರ್ಧ ಗಂಟೆ. ಮಹಾರುದ್ರಪ್ಪ ಹಿಡಿಕೆ ಒತ್ತಿ ಮೊದಲ ನೀರು ತೆಗೆದ. ದ್ರೌಪತಿ ಮತ್ತೆ ಗೋಡೆ ಕಟ್ಟಿದಳು. ಅಂದಿನಿಂದ ತಿಂಗಳು ಎಣಿಸತೊಡಗಿದಳು. ಹಾದಿಯಲ್ಲಿ ಸಿಕ್ಕವರ ಮುಖಕ್ಕಿಂತ ಮೊದಲು ಕಾಲು ನೋಡುವಳು.

೧೯೮೫ರ ಮೇ ತಿಂಗಳಲ್ಲಿ ಸುಮನಬಾಯಿಯ ಮೀನಖಂಡದಲ್ಲಿ ಬೊಬ್ಬೆ ಎದ್ದು ಒಡೆಯಿತು. ಆ ಬೇಸಿಗೆ ಕೇರಿಗೆ ಅದು ನಾಲ್ಕನೆಯ ಹುಳ. ಹುಳ ಸುತ್ತುವ ಕೈ ದ್ರೌಪತಿಯದು. ಎಲ್ಲರೂ ಅವಳ ಅಂಗಳಕ್ಕೇ ಬರುತ್ತಿದ್ದರು. ಅವಳು ಬಿಸಿನೀರಲ್ಲಿ ಗಾಯ ತೊಳೆದು, ಹುಳದ ತುದಿಯನ್ನು ಬೆಂಕಿಕಡ್ಡಿಗೆ ಸುತ್ತತೊಡಗಿದಳು. ದಿನಕ್ಕೆ ಒಂದು ಬೆರಳಷ್ಟೇ ಸುತ್ತಬೇಕು. ಎಳೆದರೆ ಒಳಗೇ ಕಡಿದು ಕಾಲಲ್ಲಿ ಕೀವಾಗುತ್ತದೆ.

"ದ್ರೌಪತಿ," ಎಂದಳು ಮುದುಕಿ ಹಲ್ಲು ಕಚ್ಚಿಕೊಂಡು, "ನೀ ಕಾವಲ ಇದ್ದೆಲ್ಲ. ಯಾರ ಇಳದಿದ್ದರು ಒಳಗ?"

ಒಳಗೆ ಕೂತಿದ್ದ ನರಸಿಂಗನ ಕೆಮ್ಮು ನಿಂತಿತು.

"ಅಲುಗಬ್ಯಾಡ ಅತ್ತಿ," ಎಂದಳು ದ್ರೌಪತಿ. "ಕಡೀತದ."