ನಿಂತು ಮಾಡುವ ಕೆಲಸ

ಶಾಲೆಯ ಆಪ್ತ ಸಮಾಲೋಚಕಿಯ ಕೋಣೆಯಲ್ಲಿ ಒಂದು ಕಂಪ್ಯೂಟರ್, ಎರಡು ಕುರ್ಚಿ. ಹತ್ತನೇ ತರಗತಿಯ ಮಕ್ಕಳು ಎಂಬತ್ತು ಪ್ರಶ್ನೆಗೆ ಉತ್ತರ ಒತ್ತಿದರೆ, ಯಾರು ಯಾವ ಕೆಲಸಕ್ಕೆ ಲಾಯಕ್ಕು ಎಂದು ಕಂಪ್ಯೂಟರ್ ಪಟ್ಟಿ ಕೊಡುತ್ತದೆ. ಆಕೆ ‘ಒಪ್ಪಿಗೆ’ ಒತ್ತಿದರೆ ಅದು ತರಬೇತಿ ಕೇಂದ್ರಕ್ಕೆ ಹೋಗುತ್ತದೆ. ಆರು ವರ್ಷದಿಂದ ಕಣ್ಣುಮುಚ್ಚಿ ಒತ್ತುತ್ತಿದ್ದಳು. ಯಂತ್ರಕ್ಕೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲವಲ್ಲ ಎಂಬ ನಂಬಿಕೆ.

ಪಟ್ಟಿ ಕಳಿಸಲು ಇವತ್ತೇ ಕಡೇ ದಿನ. ಎದುರಿಗೆ ಕೂತ ಬಡಗಿಯ ಮಗಳು ಮಾತ್ರ ಜಪ್ಪಯ್ಯ ಅಂದರೂ ಏಳುತ್ತಿಲ್ಲ. ಎಡಗಾಲು ತುಸು ಗಿಡ್ಡ, ಹಟ ಮಾತ್ರ ಮಾರುದ್ದ.

“ಮಿಸ್, ನಂಗೆ ವೆಲ್ಡಿಂಗೇ ಬೇಕು. ಅಪ್ಪನ ಜೊತೆ ಮನೆ ಕಟ್ಟೋ ಕಡೆ ಹೋದಾಗೆಲ್ಲ ನೋಡಿದೀನಿ. ಪಟ್ಟೀಲಿ ನೋಡಿದ್ರೆ ಬರೀ ಆಫೀಸ್ ಕೆಲಸ!”

ಸಮಾಲೋಚಕಿ ಉತ್ತರಗಳನ್ನು ತೆರೆದು ನೋಡಿದಳು. ‘ನಾಲ್ಕು ಗಂಟೆ ನಿಂತು ಕೆಲಸ ಮಾಡಬಲ್ಲಿರಾ?’ ಹುಡುಗಿ ‘ಇಲ್ಲ’ ಒತ್ತಿದ್ದಳು. ಆ ಒಂದು ‘ಇಲ್ಲ’ಕ್ಕೆ ಕಾರ್ಖಾನೆಯ ಕಸುಬುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಪಟ್ಟಿಯಿಂದ ಹೊರಟುಹೋಗಿದ್ದವು.

“ಹೌದು ಅಂತ ಬದಲಾಯಿಸಿಬಿಡ್ಲಾ?”

“ಸುಳ್ಳು ಯಾಕೆ ಮಿಸ್? ವೆಲ್ಡಿಂಗ್ ನಿಂತೇ ಮಾಡ್ಬೇಕು ಅಂತ ಹೇಳಿದ್ಯಾರು? ಅದನ್ನ ಕೇಳಿ.”

ಕೇಳಬೇಕೆಂದು ಆಕೆಗೆ ಆರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ತರಬೇತಿ ಕೇಂದ್ರದ ವೆಲ್ಡಿಂಗ್ ಮೇಷ್ಟ್ರಿಗೆ ಫೋನ್ ಮಾಡಿದಳು.

“ನಿಂತ್ಕೊಂಡಾ?” ಮೇಷ್ಟ್ರು ನಕ್ಕರು. “ಮೇಜಿನ ಕೆಲಸಕ್ಕೆಲ್ಲ ನಾನು ಸ್ಟೂಲ್ ಮೇಲೆ ಕೂರೋದೇ ಮೇಡಂ. ಕೈ ಅಲುಗಬಾರದು, ಅಷ್ಟೇ. ಆ ಪ್ರಶ್ನೆ ಬರೆದ ಮಹಾನುಭಾವ ಒಂದಿನ ಆದ್ರೂ ನಮ್ಮ ಶೆಡ್ಡಿಗೆ ಬಂದಿದ್ನಾ? ಹುಡುಗೀನ ಕಳಿಸಿ.”

‘ಸಮಾಲೋಚಕರ ಅಭಿಪ್ರಾಯ’ ಎಂಬ ಚೌಕದಲ್ಲಿ ಆಕೆ ಮೊದಲ ಸಲ ಬರೆದಳು: ಕೂತು ಮಾಡಬಹುದು, ಮೇಷ್ಟ್ರು ಒಪ್ಪಿದ್ದಾರೆ. ವೆಲ್ಡಿಂಗ್ ಸೇರಿಸಿ ಕಳಿಸಿದಳು. ಹುಡುಗಿಯ ಮುಖ ಊರಗಲವಾಯಿತು.

ಬಾಗಿಲ ತನಕ ಹೋದವಳು ತಿರುಗಿ ನಿಂತಳು. “ಮಿಸ್, ಮುಂಚೆ ನನ್ ಹಾಗೇ ‘ಇಲ್ಲ’ ಅಂದೋರೆಲ್ಲ ಏನಾದ್ರು?”

ಸಮಾಲೋಚಕಿ ಮತ್ತೆ ಕಂಪ್ಯೂಟರಿನತ್ತ ತಿರುಗಿದಳು. ಹಳೆಯ ಪಟ್ಟಿಗಳಲ್ಲಿ ಆ ಒಂದು ಉತ್ತರ ಹುಡುಕಿದಳು. ಹದಿನಾಲ್ಕು ಮಕ್ಕಳು. ಹದಿನಾಲ್ಕಕ್ಕೂ ಒಪ್ಪಿಗೆ ಒತ್ತಿದ್ದು ತಾನೇ. ನಾಚಿಕೆಯಿಂದ ಕಣ್ಣು ತುಂಬಿತು. ಆದರೆ ತರಬೇತಿಗೆ ವಯಸ್ಸಿನ ಮಿತಿಯಿಲ್ಲ, ಅಳುತ್ತ ಕೂರುವುದಕ್ಕೂ ಅರ್ಥವಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮೊದಲನೆಯವನ ನಂಬರ್ ಒತ್ತಿದಳು.

“ನಾನಪ್ಪ, ಶಾಲೆ ಮಿಸ್ಸು. ಐದು ವರ್ಷದ ಹಿಂದೆ ನಿನ್ನನ್ನ ತಪ್ಪು ಪ್ರಶ್ನೆ ಕೇಳಿಬಿಟ್ಟೆ ಕಣೋ. ಈಗ ಸರಿಯಾಗಿ ಕೇಳ್ತೀನಿ. ನಿಂಗೆ ಯಾವ ಕೆಲಸ ಬೇಕಿತ್ತು?”