ಶೇಂಗಾ ಗಡ್ಡೆಯಾದ ವರ್ಷ

ಚಾತುರ್ಮಾಸ ಶುರುವಾದ ದಿನವೇ ಪದ್ಮವ್ವನಿಗೆ ಗಂಡನ ಮೇಲೆ ಸಿಟ್ಟು ನೆತ್ತಿಗೇರಿತು. ಊರಿನ ಜೈನರೆಲ್ಲ ಮುನಿಗಳ ಮುಂದೆ ಕೈಮುಗಿದು ಗಡ್ಡೆಗೆಣಸು ಬಿಡುತ್ತೇವೆಂದು ನಿಯಮ ಹಿಡಿದರೆ, ನೇಮಣ್ಣ ಹುರುಪಿನ ಭರದಲ್ಲಿ, “ಭೂಮಿಯೊಳಗ ಬೆಳೆಯೂದು ಯಾವುದೂ ಒಲ್ಲೆ” ಎಂದುಬಿಟ್ಟ. ಶೇಂಗಾ ಬೆಳೆಯುವುದೂ ಭೂಮಿಯೊಳಗೇ ಎಂಬುದು ಮನೆಗೆ ಬಂದು ಊಟಕ್ಕೆ ಕೂತಾಗಲೇ ನೆನಪಾದದ್ದು.

ಅಂದಿನಿಂದ ಮೂಡಲಗಿಯ ಆ ಮನೆಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಇಲ್ಲ, ಶೇಂಗಾ ಹೋಳಿಗೆಯಂತೂ ಇಲ್ಲವೇ ಇಲ್ಲ. ಹೋಳಿಗೆಯೆಂದರೆ ಪದ್ಮವ್ವನಿಗೆ ಪ್ರಾಣ. ನಿಯಮ ಗಂಡನದು, ಬಾಯಿ ಕೆಟ್ಟದ್ದು ಅವಳದು.

“ಗೋಕಾಕ ಪ್ಯಾಟ್ಯಾಗ ಅದಕ್ಕ ಎಣ್ಣಿಕಾಳ ಅಂತಾರ್ರಿ. ನಮ್ಮನ್ಯಾಗಷ್ಟ ಯಾಕ ಗಡ್ಡಿ ಆತು?”

“ಎಣ್ಣಿ ತೆಗ್ಯಾವ್ರು ಹಂಗ ಅಂತಾರ. ನಾ ನೆಲದಾಗಿಂದ ಕೀಳಾಂವ,” ಎಂದ ನೇಮಣ್ಣ. ಆಸಾಮಿ ಜಗ್ಗಲಿಲ್ಲ.

ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದುವ ಮೊಮ್ಮಗಳು ರೂಪಾಲಿ ರವಿವಾರ ಬಂದವಳು ಈ ದೂರು ಕೇಳಿ ಬಿದ್ದುಬಿದ್ದು ನಕ್ಕಳು. “ನಮ್ಮ ಪುಸ್ತಕದಾಗ ಅದು ತೊಗರಿ, ಹೆಸರಿನ ಬಳಗ ಐತಿ, ಆಯಿ. ಹೂವು ಮ್ಯಾಲ ಬಿಟ್ಟು ಕಾಯಿ ಮಾಡಾಕ ಅಷ್ಟ ನೆಲಕ್ಕ ಇಳಿತೈತಿ.”

“ಅದೇನ್ ನನಗ ಹೇಳ್ತಿ? ಹುಟ್ಟಿದಾಗಿಂದ ನೋಡೇನಿ,” ಎಂದು ನೇಮಣ್ಣ ಗದರಿದ.

“ಹಂಗಾರ ಅಜ್ಜಾ, ಮುನಿಗೋಳು ಗಡ್ಡಿ ಯಾಕ ಬ್ಯಾಡ ಅಂದ್ರು?”

“ಗಡ್ಡಿ ಕಿತ್ತರ ಇಡೀ ಗಿಡದ ಜೀವ ಹೋಗತೈತಿ, ಅದಕ್ಕ.”

“ಮತ್ತ ಶೇಂಗಾ?”

“ಅದನ್ನ ಗಿಡದ ಕತಿ ಮುಗಿದು ಎಲಿ ಹಳದಿ ಆದ ಮ್ಯಾಲ…” ನೇಮಣ್ಣ ಅಲ್ಲಿಗೇ ನಿಂತ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಅವನು ರುಮಾಲು ಸುತ್ತಿಕೊಂಡು ಸೀದಾ ಬಸದಿಯ ಹಾದಿ ಹಿಡಿದ.

ಪದ್ಮವ್ವ ಕಟ್ಟೆಯ ಮೇಲೆ ಕೂತು ದಾರಿ ಕಾದಳು. ಮುನಿಗಳು ಬೇಡವೆಂದರೆ ಚಾತುರ್ಮಾಸ ಮುಗಿಯುವ ದೀಪಾವಳಿಯತನಕ ಗತಿಯಿಲ್ಲ. ನೇಮಣ್ಣ ದೂರದಿಂದಲೇ ಕೂಗಿದ: “ಕಾಳಂತ! ಗಡ್ಡಿ ಅಲ್ಲಂತ! ಮುನಿಗೋಳು ನಕ್ಕಬಿಟ್ರು!”

ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆ ಅದು. ಪದ್ಮವ್ವ ಸೆರಗು ಸಿಕ್ಕಿಸಿದಳು. ರೂಪಾಲಿ ಶೇಂಗಾ ಹುರಿದಳು, ನೇಮಣ್ಣನೇ ಬೆಲ್ಲ ಕುಟ್ಟಿದ. ಬಿಸಿಲು ಹಿತ್ತಲ ಗೋಡೆಯ ಮೇಲಿರುವಾಗಲೇ ಮೊದಲ ಹೋಳಿಗೆ ತಾಟಿಗೆ ಬಿತ್ತು. ನೇಮಣ್ಣ ಅದನ್ನು ಮುರಿದು ದೊಡ್ಡ ತುಂಡನ್ನು ಹೆಂಡತಿಯ ಕೈಗಿತ್ತ.

“ಅಲ್ಲ, ನಿಯಮ ಹಿಡದಾಂವ ನಾ. ನೀ ಯಾಕ ಬಿಟ್ಟಿದ್ದಿ?”

“ನೀವು ಬಾಜೂಕ ಬರೇ ರೊಟ್ಟಿ ತಿನ್ನೂದು ನೋಡಿ ನನಗ ಹೋಳಿಗಿ ಗಂಟಲದಾಗ ಇಳಿತಿತ್ತೇನ್ರಿ?”

ನೇಮಣ್ಣ ಉಳಿದ ತುಂಡನ್ನು ಬಾಯಿಗಿಟ್ಟು ಬರೀ ತಲೆಯಾಡಿಸಿದ. ಬಾಯ್ತುಂಬ ಹೋಳಿಗೆ ಇತ್ತಲ್ಲ ಎಂದು ರೂಪಾಲಿ ನಕ್ಕಳು. ಅಷ್ಟೇ ಅಲ್ಲವೆಂದು ಪದ್ಮವ್ವನಿಗೆ ಗೊತ್ತಿತ್ತು. ಅವಳು ಖುಷಿಯಿಂದ ಇನ್ನೊಂದು ಹೋಳಿಗೆ ಹಂಚಿಗೆ ಹಾಕಿದಳು.