ಹಳಸಿದೆಯಾ ನೋಡಿ

"ಹಳಸಿದೆ. ಚೆಲ್ಲಿಬಿಡಿ," ಎಂದು ಮೂಗಿನಕ್ಕ ಪಾತ್ರೆಯಿಂದ ತಲೆಯೆತ್ತಿದಳು.

ಆಸ್ಪತ್ರೆಯ ಅಡುಗೆಮನೆಯಲ್ಲಿ ದಿನ ಶುರುವಾಗುತ್ತಿದ್ದುದೇ ಹೀಗೆ. ನಿನ್ನೆ ಉಳಿದ ಪಾತ್ರೆಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟರೆ ಅವಳು ಕಣ್ಣು ಮುಚ್ಚಿ ಒಂದೊಂದನ್ನೂ ಮೂಸುವಳು. 'ತಂಗಳು' ಎಂದರೆ ನಿನ್ನೆಯದಾದರೂ ಕೆಟ್ಟಿಲ್ಲ, ಬಿಸಿ ಮಾಡಿ ಕೆಲಸದವರು ತಿನ್ನಬಹುದು. 'ಹಳಸಿದೆ' ಎಂದರೆ ಸೀದಾ ತೊಟ್ಟಿಗೆ. ಇಪ್ಪತ್ತಾರು ವರ್ಷದಲ್ಲಿ ಅವಳ ಮಾತಿಗೆ ಎದುರಾಡಿದವರಿಲ್ಲ. ದೊಡ್ಡ ಡಾಕ್ಟರೇ ಒಮ್ಮೆ ತಮ್ಮ ಊಟದ ಡಬ್ಬಿ ತಂದು ತೋರಿಸಿಕೊಂಡು ಹೋಗಿದ್ದುಂಟು. ಮೂಗಿನಕ್ಕ ಎಂಬ ಹೆಸರು ಬಂದದ್ದೂ ಹಾಗೆಯೇ.

ಆದರೆ ಹೋದ ತಿಂಗಳ ಜ್ವರ ಹೋಗುವಾಗ ಸುಮ್ಮನೆ ಹೋಗದೆ ವಾಸನೆ, ರುಚಿ ಎರಡನ್ನೂ ಕಟ್ಟಿಕೊಂಡು ಹೋಗಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಈ ಕಟ್ಟೆಯ ಮುಂದೆ ಅವಳಿಗೇನು ಕೆಲಸ? ಮನೆಯಲ್ಲಂತೂ 'ಅಕ್ಕಾ' ಎನ್ನಲು ಒಂದು ನರಪಿಳ್ಳೆಯಿಲ್ಲ. ಯಾರ ಹೊಟ್ಟೆಯೂ ಕೆಡದಿರಲಿ ಎಂದು ಹನ್ನೆರಡು ದಿನದಿಂದ ಎಲ್ಲಕ್ಕೂ 'ಹಳಸಿದೆ' ಎನ್ನುತ್ತಿದ್ದಳು. ಸೆಕೆ ಜಾಸ್ತಿಯಲ್ಲವೇ ಎಂದು ಎಲ್ಲರೂ ನಂಬಿದ್ದರು.

ಇವತ್ತು ಪಾತ್ರೆ ತೊಳೆಯುವವಳು ಜಾಗ ಬಿಟ್ಟು ಕದಲಲಿಲ್ಲ. "ಅಕ್ಕಾ, ಇನ್ನೊಂದ್ಸಲ ನೋಡಿ."

"ನೋಡೋದೇನೇ? ಹಳಸಿದೆ ಅಂದ್ರೆ ಹಳಸಿದೆ."

"ಇದು ನಿನ್ನೇದಲ್ಲಕ್ಕಾ. ಬೆಳಿಗ್ಗೆ ಮಾಡಿದ ಅನ್ನ. ಆರ್ಲಿ ಅಂತ ಇಲ್ಲಿಟ್ಟಿದ್ರು."

ತರಕಾರಿ ಹೆಚ್ಚುವ ಸದ್ದು ನಿಂತಿತು. ಮುಖ್ಯ ಅಡುಗೆಯವನು ಬಂದು ಒಂದು ತುತ್ತು ಬಾಯಿಗಿಟ್ಟುಕೊಂಡು ಮೂಗಿನಕ್ಕನ ಮುಖ ನೋಡಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಾಳೆಯಿಂದ ತರಕಾರಿ ಹೆಚ್ಚೋಕೆ ಕೂತ್ಕೊಳ್ಳಿ ಅಕ್ಕಾ. ನಿಂತೂ ನಿಂತೂ ನಿಮಗೂ ಸಾಕಾಗಿದೆ," ಎಂದ ಮೆಲ್ಲಗೆ. ಆಮೇಲೆ ಉಳಿದ ಪಾತ್ರೆಗಳನ್ನು ಮೂಸಿ ನೋಡಲೆಂದು ಪಾತ್ರೆ ತೊಳೆಯುವವಳ ಕಡೆಗೆ ಸರಿಸಿದ.

ಮಧ್ಯಾಹ್ನ ಮನೆಗೆ ಬಂದ ಮೂಗಿನಕ್ಕ ನಿನ್ನೆಯ ಅನ್ನದ ಡಬ್ಬಿ ತೆರೆದಳು. ಮೂಸಿದಳು. ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳಿಗೆ ಲೋಳೆಯೇನೂ ಹತ್ತಲಿಲ್ಲ, ಆದರೂ ತಿನ್ನಲು ಧೈರ್ಯ ಸಾಲಲಿಲ್ಲ. ಊರಿಗೆಲ್ಲ ಹೇಳಿದವಳಿಗೆ ತನ್ನದೊಂದು ಡಬ್ಬಿಯ ಸಂಗತಿ ತಿಳಿಯದೆ ಹೋಯಿತಲ್ಲ ಎಂದು ಅಳು ಒತ್ತರಿಸಿ ಬಂತು. ನಿಂತಲ್ಲೇ ಅತ್ತಳು.

ಎದುರು ಮನೆಯಲ್ಲಿದ್ದ ಹೊಲಿಗೆಯಮ್ಮನ ಜೊತೆ ಆರು ವರ್ಷದಿಂದ 'ನೀರು ಬಂತಾ' ಎನ್ನುವುದರಾಚೆ ಮಾತಿರಲಿಲ್ಲ. ಮೂಗಿನಕ್ಕ ಡಬ್ಬಿ ಹಿಡಿದು ಹೋಗಿ ಬಾಗಿಲು ತಟ್ಟಿದಾಗ ಅವರು ಅಳತೆಪಟ್ಟಿ ಹಿಡಿದೇ ಬಂದರು.

"ತಪ್ಪು ತಿಳ್ಕೋಬೇಡಿ. ಒಂಚೂರು ಮೂಸಿ ನೋಡ್ತೀರಾ, ಹಳಸಿದೆಯಾ ಅಂತ?"

ಹೊಲಿಗೆಯಮ್ಮ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು ಡಬ್ಬಿಯ ಮೇಲೆ ಬಗ್ಗಿ ಕಣ್ಣು ಮುಚ್ಚಿದರು. ಮೂಗಿನಕ್ಕ ಹೊಸ್ತಿಲಾಚೆ ಎರಡೂ ಕೈಯಲ್ಲಿ ಡಬ್ಬಿ ಹಿಡಿದು, ಅವರ ಮುಖವನ್ನೇ ನೋಡುತ್ತ ನಿಂತಳು.